ಚೌಕಳಿ ಬಟ್ಟೆಯ ಬಣ್ಣ: ಕತ್ತರಿ ಬೀಳುವ ಮುನ್ನ ನೋಡಬೇಕಾದ್ದು

ಮೇ ಕೊನೆಯ ವಾರ ಬಂತೆಂದರೆ ದಾವಣಗೆರೆಯ ಚೌಕಿಪೇಟೆಯಲ್ಲೂ ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲೂ ಸಮವಸ್ತ್ರದ ಬಟ್ಟೆಗೆ ಜನ ಮುಗಿಬೀಳುತ್ತಾರೆ. ಕೈಯಲ್ಲಿ ಹೋದ ವರ್ಷದ ಸ್ಕರ್ಟು, ಮುಂದೆ ಬಿಚ್ಚಿಟ್ಟ ನಾಲ್ಕು ಥಾನು. ನಾಲ್ಕೂ ಹಸಿರು-ನೀಲಿ ಚೆಕ್ಸು, ನಾಲ್ಕೂ ಹೆಚ್ಚುಕಡಿಮೆ ಒಂದೇ. ಅಂಗಡಿಯ ದೀಪದ ಕೆಳಗೆ ‘ಇದೇ ಅದು’ ಅನ್ನಿಸಿದ ಬಟ್ಟೆ ಶಾಲೆಯ ಅಂಗಳದ ಬಿಸಿಲಿಗೆ ಬಂದಾಗ ಪಕ್ಕದ ಮಗುವಿನ ಸ್ಕರ್ಟಿಗಿಂತ ಬೇರೆಯಾಗಿ ಕಾಣುತ್ತದೆ. ಅಷ್ಟರಲ್ಲಿ ಕತ್ತರಿ ಬಿದ್ದಿರುತ್ತದೆ, ಹೊಲಿಗೆಯೂ ಮುಗಿದಿರುತ್ತದೆ.

ಒಂದೇ ಬಣ್ಣದ ಬಟ್ಟೆಯಲ್ಲಿ ಇಷ್ಟು ತೊಂದರೆಯಿಲ್ಲ. ಚೌಕಳಿಯಲ್ಲಿ, ಅದರಲ್ಲೂ ಸ್ಕಾಟ್ಲೆಂಡಿನ ಟಾರ್ಟನ್ ಮಾದರಿಯಲ್ಲಿ ನೇಯ್ದ ಚೌಕಳಿಯಲ್ಲಿ, ನಮಗೆ ಕಾಣುವ ಬಣ್ಣದ ಅರ್ಧದಷ್ಟು ಯಾವ ನೂಲಿನಲ್ಲೂ ಇರುವುದಿಲ್ಲ. ಅದು ಉದ್ದೆಳೆಯಾದ ಹಾಸೂ ಅಡ್ಡೆಳೆಯಾದ ಹೊಕ್ಕೂ ಸೇರುವ ಜಾಗದಲ್ಲಿ ಹುಟ್ಟುವ ಬಣ್ಣ. ಅದನ್ನು ನೋಡಲು ಕಲಿಯದೆ ಬರೀ ‘ಹಸಿರು ಸರಿಯಿದೆ, ನೀಲಿ ಸರಿಯಿದೆ’ ಎಂದು ಹೊಂದಿಸಹೊರಟರೆ ತಪ್ಪುವುದು ಖಂಡಿತ.

ಹಾಸು, ಹೊಕ್ಕು, ಅವೆರಡರ ನಡುವಿನ ಬಣ್ಣ

ಟಾರ್ಟನ್ನಿನಲ್ಲಿ ಹಾಸಿನ ನೂಲು ಯಾವ ಬಣ್ಣಗಳ ಸಾಲಿನಲ್ಲಿದೆಯೋ ಹೊಕ್ಕಿನದೂ ಸಾಮಾನ್ಯವಾಗಿ ಅದೇ ಸಾಲು. ನೇಯ್ಗೆ ಎರಡು-ಎರಡರ ಟ್ವಿಲ್: ಹೊಕ್ಕಿನ ಎಳೆ ಎರಡು ಹಾಸಿನೆಳೆಗಳ ಮೇಲೆ, ಎರಡರ ಕೆಳಗೆ ಹೋಗಿ, ಮುಂದಿನ ಸಾಲಿನಲ್ಲಿ ಒಂದೆಳೆ ಪಕ್ಕಕ್ಕೆ ಸರಿಯುತ್ತದೆ. ಅದರಿಂದಲೇ ಬಟ್ಟೆಯ ಮೇಲೆ ಓರೆ ಗೆರೆ ಮೂಡುವುದು. ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು ಬಂದಲ್ಲಿ ಗಟ್ಟಿ ಕೆಂಪು. ಕೆಂಪಿನ ಮೇಲೆ ಹಸಿರು ಬಂದಲ್ಲಿ ಸಣ್ಣ ಓರೆಗೆರೆಗಳು, ಅರ್ಧ ಕೆಂಪು, ಅರ್ಧ ಹಸಿರು. ಕಣ್ಣಿಗೆ ಹತ್ತಿರ ಹಿಡಿದರೆ ಗೆರೆ ಕಾಣುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಾಸಿದ ಕಂದು. ಮೊಳಕಾಲ್ಮೂರಿನ ರೇಷ್ಮೆ ನೋಡಿ ಬಲ್ಲವರಿಗೆ ಇದು ಹೊಸದಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಹಾಕಿದ ಸೀರೆಯ ಒಡಲು ಮಡಿಕೆಯಲ್ಲಿ ಒಂದು ಥರ, ಹರವಿದಾಗ ಇನ್ನೊಂದು ಥರ ಕಾಣುವುದು ಇದೇ ಕಾರಣಕ್ಕೆ.

ಎಷ್ಟು ಬಣ್ಣದ ನೂಲು ಹಾಕಿದರೆ ಎಷ್ಟು ಬಣ್ಣ ಕಾಣುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಎರಡು ನೂಲಿಗೆ 3 ಬಣ್ಣ, ಮೂರಕ್ಕೆ 6, ಆರಕ್ಕೆ 21. ಆರು ಬಣ್ಣದ ಬಟ್ಟೆಯಲ್ಲಿ ಶುದ್ಧ ಬಣ್ಣ ಆರೇ, ಉಳಿದ 15 ಮಿಶ್ರಣ.

ವಿಸ್ತೀರ್ಣದ ಲೆಕ್ಕ ಇದಕ್ಕಿಂತ ಮುಖ್ಯ. ಟಾರ್ಟನ್ನಿನ ನೂಲೆಣಿಕೆಯನ್ನು ‘ಕೆ/4 ಆರ್24 ಕೆ24 ವೈ/4’ ಎಂಬಂತೆ ಬರೆಯುತ್ತಾರೆ. ಕೆ ಎಂದರೆ ಕಪ್ಪು, ಆರ್ ಕೆಂಪು, ವೈ ಹಳದಿ. ಓರೆಗೆರೆ ಹಾಕಿದ ಎರಡು ತುದಿಗಳು ತಿರುವುಗಳು, ಅಲ್ಲಿಂದ ಸಾಲು ಕನ್ನಡಿಯಲ್ಲಿ ಕಂಡಂತೆ ವಾಪಸು ಬರುತ್ತದೆ. ಪೂರ್ತಿ ಒಂದು ಸುತ್ತಿಗೆ 104 ಎಳೆ: ಕಪ್ಪು 52, ಕೆಂಪು 48, ಹಳದಿ 4. ಹಾಸಿನಲ್ಲಿ ಕಪ್ಪು ಅರ್ಧ, ಹೊಕ್ಕಿನಲ್ಲೂ ಅರ್ಧ, ಆದ್ದರಿಂದ ಅಚ್ಚ ಕಪ್ಪು ಚೌಕಗಳು ಬಟ್ಟೆಯ ಕಾಲು ಭಾಗ ಮಾತ್ರ. ಅಚ್ಚ ಕೆಂಪು ಶೇ. 21ರಷ್ಟು. ಕಪ್ಪೂ ಕೆಂಪೂ ಬೆರೆತ ಕಡುಮರೂನ್ ಶೇ. 46. ಬಟ್ಟೆಯಲ್ಲಿ ಅತಿ ಹೆಚ್ಚು ಜಾಗ ಹಿಡಿದಿರುವುದು ಯಾವ ನೂಲಿನುಂಡೆಯಲ್ಲೂ ಇಲ್ಲದ ಬಣ್ಣ! ಕೆಂಪು ನೂಲು ಒಂದು ಚೂರು ಕಿತ್ತಳೆ ಕಡೆಗೆ ವಾಲಿದರೂ ಈ ಮರೂನ್ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಇಡೀ ಬಟ್ಟೆಯ ಮುಖವೇ ಬದಲಾಗುತ್ತದೆ.

ಹೀಗಾಗಿ ಹೋಲಿಸುವಾಗ ಮೊದಲು ಮಿಶ್ರಣದ ಚೌಕವನ್ನು ನೋಡಿ, ಆಮೇಲೆ ಶುದ್ಧ ಚೌಕಗಳನ್ನು. ಮಿಶ್ರಣ ತಪ್ಪಿದ್ದರೆ ಎರಡು ನೂಲಿನಲ್ಲಿ ಒಂದು ತಪ್ಪಿದೆ ಎಂದೇ ಅರ್ಥ, ಅದು ಒಂಟಿಯಾಗಿ ನೋಡುವಾಗ ನಿಮಗೆ ತಿಳಿಯದಿದ್ದರೂ.

ನೇಯ್ದದ್ದೋ, ಅಚ್ಚು ಹಾಕಿದ್ದೋ

ಬೆಲೆ ತೀರಾ ಕಡಿಮೆಯಿದ್ದರೆ ಈ ಪರೀಕ್ಷೆ ಮೊದಲು. ಥಾನಿನ ತುದಿಯಿಂದ ಒಂದು ಎಳೆ ಹಿರಿಯಿರಿ, ಅಂಗಡಿಯವರು ಬೇಡ ಅನ್ನುವುದಿಲ್ಲ. ಎಳೆ ಉದ್ದಕ್ಕೂ ಒಂದೇ ಬಣ್ಣವಿದ್ದರೆ ಬಣ್ಣದ ನೂಲಿನಿಂದ ನೇಯ್ದ ಬಟ್ಟೆ. ಒಂದೇ ಎಳೆ ಕೆಂಪು, ಹಸಿರು, ಮತ್ತೆ ಕೆಂಪು ಎಂದು ಬದಲಾಗುತ್ತಿದ್ದರೆ ಪ್ರಿಂಟು. ಪ್ರಿಂಟಿನ ಹಿಂಬದಿ ಪೇಲವವಾಗಿರುತ್ತದೆ, ಮಿಶ್ರಣದ ಚೌಕದಲ್ಲಿ ನೂಲಿನ ಓರೆಗೆರೆಯ ಬದಲು ಬಳಿದಂತೆ ಒಂದೇ ಬಣ್ಣವಿರುತ್ತದೆ. ಹಳೆಯ ನೇಯ್ಗೆಯ ತುಂಡಿಗೆ ಪ್ರಿಂಟನ್ನು ಹೊಂದಿಸಲು ಹೋಗಬೇಡಿ. ಇವತ್ತು ಹೊಂದಿದರೂ ಹತ್ತು ಒಗೆತದ ನಂತರ ಎರಡೂ ಬೇರೆ ಬೇರೆ ಥರ ಮಾಸುತ್ತವೆ.

ಯಾವ ಬೆಳಕಿನಲ್ಲಿ, ಯಾವ ಕಡೆ ನಿಂತು

ಬಣ್ಣ ಹೋಲಿಸುವ ಅಳತೆಗೋಲು ಹಗಲು ಬೆಳಕು. ಪ್ರಯೋಗಶಾಲೆಗಳಲ್ಲಿ ಇದಕ್ಕೆ 6500 ಕೆಲ್ವಿನ್‌ನ (ಕೆಲ್ವಿನ್, ಚಿಕ್ಕದಾಗಿ ಕೆ, ಬೆಳಕಿನ ಛಾಯೆಯ ಅಳತೆ) ಡಿ65 ಎಂಬ ಮಾನದಂಡವಿದೆ. ತೆಳುಮೋಡ ಕವಿದ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗಿನ ಬೆಳಕು ಅದಕ್ಕೆ ತುಂಬಾ ಹತ್ತಿರ. ಜೂನ್ ಮೊದಲ ವಾರಗಳಲ್ಲಿ ನಮ್ಮ ಕಡೆ ಮುಂಗಾರಿನ ಮೋಡ ಕಟ್ಟಿ, ಮಳೆ ಬಾರದೆ ನಿಲ್ಲುವ ದಿನಗಳು ಬಣ್ಣ ನೋಡಲು ಹೇಳಿ ಮಾಡಿಸಿದಂಥವು.

ಮೋಡವಿಲ್ಲದ ದಿನ ನೆರಳಿನಲ್ಲಿ ನೋಡಬೇಕು, ನೇರ ಬಿಸಿಲಲ್ಲಲ್ಲ. ಬಿಸಿಲಿಗೆ ಟ್ವಿಲ್ ಹೊಳೆಯುತ್ತದೆ, ಹೊಳಪು ಕಡುಬಣ್ಣಗಳನ್ನು ಬಿಳಿಚಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಯುರೋಪಿನಿಂದ ಬಂದ ಪುಸ್ತಕಗಳೆಲ್ಲ ‘ಉತ್ತರದ ಕಿಟಕಿಯ ಬೆಳಕಲ್ಲಿ ನೋಡಿ’ ಅನ್ನುತ್ತವೆ. ಅಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣಕ್ಕಿರುವುದರಿಂದ ಆ ಮಾತು ಸರಿ. ದಾವಣಗೆರೆ, ಚಿತ್ರದುರ್ಗ ಎರಡೂ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಸಮವಸ್ತ್ರ ಕೊಳ್ಳುವ ಕಾಲವೂ ಅದೇ! ಆಗ ಉತ್ತರದ ಬಾಗಿಲಿಗೇ ಬಿಸಿಲು ಬೀಳುತ್ತದೆ. ಆ ತಿಂಗಳುಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಬಾಗಿಲೋ ಜಗುಲಿಯೋ ಹುಡುಕಿ. ದಸರೆಯಿಂದ ಯುಗಾದಿಯವರೆಗೆ ಉತ್ತರದ ಬೆಳಕು ಸರಿ.

ನಿಂತ ಜಾಗದ ಸುತ್ತಲೂ ಒಮ್ಮೆ ಕಣ್ಣಾಡಿಸಿ. ತಲೆಯ ಮೇಲೆ ನೀಲಿ ಟಾರ್ಪಾಲು, ಹಸಿರು ಶೇಡ್‌ನೆಟ್ಟು ಇದ್ದರೆ, ಎದುರು ಕೆಂಪು ಬಣ್ಣ ಬಳಿದ ಗೋಡೆಯಿದ್ದರೆ ಬಟ್ಟೆಯ ಮೇಲೆ ಬೀಳುವುದು ಅವುಗಳ ಬಣ್ಣ. ಒಂದು ಬಿಳಿ ಹಾಳೆ ಹಿಡಿದು ನೋಡಿ. ಹಾಳೆ ನೀಲಿಯಾಗೋ ಹಸಿರಾಗೋ ಕಂಡರೆ ಜಾಗ ಬದಲಿಸಿ. ಸಂಜೆ 6ರ ನಂತರ ಮಂದ ಬೆಳಕಿನಲ್ಲಿ ನೋಡಲೇಬೇಡಿ. ಬೆಳಕು ಕುಂದಿದಂತೆ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಬೆಳಗಾಗಿಯೇ ಉಳಿಯುತ್ತದೆ. ಕೆಂಪು-ನೀಲಿ ಚೌಕಳಿಯ ತೂಕವೇ ಆಗ ತಿರುಗಿಹೋಗಿರುತ್ತದೆ.

ಅಂಗಡಿಯೊಳಗಿನ ಎಲ್‌ಇಡಿ ಬಗ್ಗೆ ಎರಡು ಮಾತು. ಡಬ್ಬಿಯ ಮೇಲೆ 6500 ಕೆ ಎಂದು ಬರೆದಿದ್ದರೆ ಅದು ಹಗಲಿನಷ್ಟೇ ಬಿಳಿ ಎಂದಷ್ಟೇ ಅರ್ಥ, ಹಗಲಿನಂತೆ ಎಲ್ಲ ಬಣ್ಣವನ್ನೂ ತೋರಿಸುತ್ತದೆ ಎಂದಲ್ಲ. ಬಣ್ಣ ತೋರಿಸುವ ಗುಣಕ್ಕೆ ಸಿಆರ್‌ಐ ಎಂಬ ಬೇರೆ ಅಂಕಿಯಿದೆ. ಸಾಮಾನ್ಯ ಬಲ್ಬುಗಳದು 80ರ ಹತ್ತಿರ, ಬಣ್ಣದ ಕೆಲಸಕ್ಕೆ 90ಕ್ಕಿಂತ ಮೇಲಿರಬೇಕು. 80ರ ಬಲ್ಬುಗಳಲ್ಲಿ ಕಡುಗೆಂಪಿನ ಅಂಶ ಕಡಿಮೆ, ಅದಕ್ಕೇ ಮರೂನ್ ಅವುಗಳ ಕೆಳಗೆ ಕಾಫಿ ಬಣ್ಣದ ಕಡೆ ಜಾರುತ್ತದೆ. ಬಿಳಿ ನೂಲಿನದು ಇನ್ನೊಂದು ಪಾಡು. ಬಿಳಿ ಹೊಳೆಯಲೆಂದು ಹಾಕುವ ಬ್ರೈಟ್‌ನರ್ ಕೆಲಸ ಮಾಡುವುದು ಬೆಳಕಿನಲ್ಲಿರುವ ಅತಿನೇರಳೆ ಕಿರಣದಿಂದ. ಹೆಚ್ಚಿನ ಎಲ್‌ಇಡಿಗಳಲ್ಲಿ ಅದು ಇಲ್ಲವೇ ಇಲ್ಲವೆನ್ನಬಹುದು. ಅಂಗಡಿಯಲ್ಲಿ ಕೆನೆ ಬಣ್ಣವೆನಿಸಿದ ಗೆರೆ ಹೊರಗೆ ಬಂದರೆ ನೀಲಿ ಬೆರೆತ ಅಚ್ಚ ಬಿಳಿಯಾಗುವುದು ಹೀಗೆ.

ಒಯ್ಯಬೇಕಾದ ನಾಲ್ಕು ಸಾಮಾನು

ಮೊದಲನೆಯದು ಮಾದರಿ ತುಂಡು. ಹಳೆಯ ಬಟ್ಟೆಯ ಹೊರಮೈಯಿಂದ ತೆಗೆದರೆ ಪ್ರಯೋಜನವಿಲ್ಲ, ಅದು ಬಿಸಿಲಿಗೂ ಸೋಪಿಗೂ ಮಾಸಿರುತ್ತದೆ. ಕೆಳಗಿನ ಮಡಿಕೆಯ ಒಳಗಿನಿಂದ, ನೆರಿಗೆಯ ಒಳಮೈಯಿಂದ, ಜೇಬಿನ ಹಿಂಭಾಗದಿಂದ ತೆಗೆಯಿರಿ. ಚೌಕಳಿಯ ಒಂದು ಪೂರ್ತಿ ಸುತ್ತು ಉದ್ದಕ್ಕೂ ಅಡ್ಡಕ್ಕೂ ಅದರಲ್ಲಿ ಬರಬೇಕು. ಸುತ್ತು 12 ಸೆಂ.ಮೀ. ಇದ್ದರೆ 13 ಸೆಂ.ಮೀ. ಚೌಕ ಬೇಕು. ಬೆರಳಗಲದ ಚೂರು ಹಿಡಿದು ಹೋದರೆ ಶುದ್ಧ ಬಣ್ಣ ಒಂದನ್ನು ಹೊಂದಿಸಬಹುದೇ ಹೊರತು ಚೌಕಳಿಯನ್ನಲ್ಲ. ಕತ್ತರಿಸಲು ಮನಸ್ಸಿಲ್ಲದಿದ್ದರೆ ಹೊಲಿಗೆ ಬಿಚ್ಚಿ ಬಟ್ಟೆಯನ್ನೇ ಒಯ್ಯಿರಿ.

ಎರಡನೆಯದು ಬೂದು ರಟ್ಟಿನ ಕಿಂಡಿ. ಬರೆಯುವ ಪ್ಯಾಡಿನ ಹಿಂಬದಿಗೆ ಬರುವ ಬೂದು ರಟ್ಟಿನಲ್ಲಿ 1 ಸೆಂ.ಮೀ. ಚೌಕದ ಎರಡು ಕಿಂಡಿ, ನಡುವೆ 1 ಸೆಂ.ಮೀ. ಅಂತರ ಬಿಟ್ಟು ಕತ್ತರಿಸಿ. ಇದು ಯಾಕೆ ಬೇಕೆಂದರೆ ಪಕ್ಕದ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ. ಪ್ಯಾರಿಸ್ಸಿನ ಗೊಬೆಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೋಲ್ ಮುಂದೆ ಒಂದು ದೂರು ಬಂತು: ಕಪ್ಪು ನೂಲಿನ ಬಣ್ಣ ಸರಿಯಿಲ್ಲ. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ, ನೀಲಿ-ನೇರಳೆಗಳ ಪಕ್ಕ ನೇಯ್ದದ್ದರಿಂದ ಕಪ್ಪು ಸೊರಗಿ ಕಾಣುತ್ತಿತ್ತು. ಅದನ್ನು ಬೆನ್ನಟ್ಟಿ 1839ರಲ್ಲಿ ಅವನು ಪುಸ್ತಕವನ್ನೇ ಬರೆದ. ಕೆಂಪಿನ ಪಕ್ಕದ ಬೂದು ಹಸಿರಾಗುತ್ತದೆ, ಹಳದಿಯ ಪಕ್ಕದ ಬೂದು ನೇರಳೆಗೆ ವಾಲುತ್ತದೆ. ಎರಡು ಬಟ್ಟೆಯ ಚೌಕಗಳ ಅಗಲ ಬೇರೆಯಿದ್ದರೆ ಒಂದೇ ಉಂಡೆಯ ನೂಲೂ ಎರಡು ಬಣ್ಣವಾಗಿ ಕಂಡೀತು. ಕಿಂಡಿಯಿಟ್ಟು ಒಂದರ ಕೆಳಗೆ ಹಳೆಯ ತುಂಡಿನ ಹಸಿರು, ಇನ್ನೊಂದರ ಕೆಳಗೆ ಹೊಸದರ ಹಸಿರು ಬರುವಂತೆ ಮಾಡಿದರೆ ಪಕ್ಕದ ಬಣ್ಣಗಳು ಮರೆಯಾಗಿ ನಿಜ ಗೊತ್ತಾಗುತ್ತದೆ.

ಮೂರನೆಯದು ಬಿಳಿ ಹತ್ತಿ ಕರವಸ್ತ್ರ, ನಾಲ್ಕನೆಯದು ಒಂದು ಸಣ್ಣ ಬಾಟಲಿ ನೀರು. ಇವು ಉಜ್ಜಿ ನೋಡಲು. ನೇಕಾರರು ಬಳಸುವ ಒಂದಂಗುಲದ ಪಿಕ್‌ಗ್ಲಾಸ್ ಎಂಬ ಭೂತಗನ್ನಡಿ ಇದ್ದರೆ ಎಳೆ ಎಣಿಸಲು ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ.

ಹೊರಡುವಾಗ ಗಾಢ ಬಣ್ಣದ ಅಂಗಿ ಹಾಕಿಕೊಳ್ಳಬೇಡಿ, ಅದರ ಬಣ್ಣ ಬಟ್ಟೆಯ ಮೇಲೆ ಪ್ರತಿಫಲಿಸುತ್ತದೆ. ಬಿಸಿಲಿಗೆ ಕಪ್ಪಾಗುವ ಕನ್ನಡಕವಿದ್ದರೆ ತೆಗೆದು ನೋಡಿ. ಕಣ್ಣಿನ ಪೊರೆ ಬಲಿಯುತ್ತಿರುವ ಹಿರಿಯರಿಗೆ ಎಲ್ಲವೂ ತುಸು ಹಳದಿಯಾಗಿ ಕಾಣುವುದರಿಂದ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಹತ್ತುವುದಿಲ್ಲ. ಕೆಂಪು-ಹಸಿರಿನ ಗೊಂದಲವಿರುವವರು ಗಂಡಸರಲ್ಲೇ ಹೆಚ್ಚು, ಅವರಲ್ಲಿ ಎಷ್ಟೋ ಜನಕ್ಕೆ ಅದು ತಮಗಿದೆಯೆಂಬುದೇ ತಿಳಿದಿರುವುದಿಲ್ಲ. ಬಣ್ಣ ನೋಡಲು ಇಬ್ಬರು ಹೋಗುವುದು ವಾಸಿ.

ನೋಡುವ ಕ್ರಮ

1. ಹೊರಗಿನ ಬಿಸಿಲಿಂದ ಬಂದ ಕಣ್ಣಿಗೆ 5 ನಿಮಿಷ ಕೊಡಿ. ಆಗಲೇ ಥಾನು ಆರಿಸಲು ಕೂರಬೇಡಿ.

2. ಥಾನಿನ ಹೊರಸುತ್ತನ್ನು ನಂಬಬೇಡಿ. ಕನಿಷ್ಠ 2 ಮೀಟರ್ ಬಿಚ್ಚಿಸಿ ಒಳಗಿನ ಬಟ್ಟೆ ನೋಡಿ. ಗಾಜಿನ ಬಳಿ ನಿಲ್ಲಿಸಿಟ್ಟ ಥಾನಿನ ಮಡಿಕೆಯ ಗೆರೆ ಮಾಸಿರುತ್ತದೆ. ಮಡಿಕೆಗೂ ಒಳಗಿಗೂ ಬಣ್ಣ ಬೇರೆಯಿದ್ದರೆ ಆ ಥಾನು ಬೇಡ.

3. ಮಾದರಿ ತುಂಡನ್ನು ಹೊಸ ಬಟ್ಟೆಯ ಮೇಲೆ ಇಡಿ. ಹಾಸಿನ ಮೇಲೆ ಹಾಸು, ಓರೆಗೆರೆಯ ದಿಕ್ಕು ಒಂದೇ ಆಗುವಂತೆ, ಚೌಕಕ್ಕೆ ಚೌಕ ಕೂರುವಂತೆ ಇಡಬೇಕು. ದಡಿಗೆ ಸಮಾನಾಂತರವಾದ ಎಳೆ ಹಾಸು. ತುಂಡನ್ನು 90 ಡಿಗ್ರಿ ತಿರುಗಿಸಿಟ್ಟರೆ ಬೆಳಕು ಬೇರೆ ಕೋನದಲ್ಲಿ ಬಿದ್ದು ಇಲ್ಲದ ವ್ಯತ್ಯಾಸ ಕಾಣಿಸಬಹುದು, ಇರುವ ವ್ಯತ್ಯಾಸ ಮುಚ್ಚಿಹೋಗಬಹುದು.

4. ಅಂಗಡಿಯ ದೀಪದಲ್ಲಿ ಒಮ್ಮೆ, ಹೊರಗೆ ಹಗಲು ಬೆಳಕಲ್ಲಿ ಒಮ್ಮೆ, ಹಳದಿ ಬೆಳಕಿನ 3000 ಕೆ ಬಲ್ಬಿನ ಕೆಳಗೆ ಒಮ್ಮೆ ನೋಡಿ. ಮೂರನೆಯದಕ್ಕೆ ಮೊಬೈಲ್ ಟಾರ್ಚು ಸಾಲದು, ಅದು ತಣ್ಣನೆಯ ಬಿಳಿ ಬೆಳಕು. ಟ್ರಯಲ್ ರೂಮಿನಲ್ಲಿ ಹಳದಿ ದೀಪವಿದ್ದರೆ ಅಲ್ಲೇ ನೋಡಬಹುದು.

5. ಪ್ರತಿ ಸಲ ಮೊದಲ ಮೂರು ನಾಲ್ಕು ಸೆಕೆಂಡಿನಲ್ಲೇ ತೀರ್ಮಾನ ಮಾಡಿ. ಕೆಂಪನ್ನು ಅರ್ಧ ನಿಮಿಷ ದಿಟ್ಟಿಸಿದರೆ ಕಣ್ಣು ಆ ಬಣ್ಣಕ್ಕೆ ದಣಿದು, ಮುಂದೆ ನೋಡಿದ್ದಕ್ಕೆಲ್ಲ ಹಸಿರು ಛಾಯೆ ಬಳಿಯುತ್ತದೆ. ಮಧ್ಯೆ ಬೂದು ರಟ್ಟನ್ನು ನೋಡಿ ಕಣ್ಣಿಗೆ ವಿರಾಮ ಕೊಡಿ.

6. ಕೈಯಳತೆಯಲ್ಲಿ, 3 ಮೀಟರಿನಲ್ಲಿ, 6 ಮೀಟರಿನಲ್ಲಿ ನೋಡಿ. ಬಟ್ಟೆ ಮೇಜಿನ ಮೇಲಿರಬಾರದು, ಉಡುವಂತೆ ಇಳಿಬಿಟ್ಟಿರಬೇಕು. ಅಂಗುಲಕ್ಕೆ 50 ಎಳೆಯ ಬಟ್ಟೆಯಲ್ಲಿ ಎರಡೆಳೆಯ ಹಳದಿ ಗೆರೆ ಸುಮಾರು 1 ಮಿ.ಮೀ. ಅಗಲ. ಒಳ್ಳೆಯ ಕಣ್ಣಿಗೂ ಅದು ಮೂರೂವರೆ ಮೀಟರ್ ದಾಟಿದರೆ ಬಿಡಿಯಾಗಿ ಕಾಣದೆ ಪಕ್ಕದ ಬಣ್ಣದಲ್ಲಿ ಕರಗಿ ಅದನ್ನು ತುಸು ಬೆಚ್ಚಗಾಗಿಸುತ್ತದೆ. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಜನ ನೋಡುವುದು ಆ ದೂರದಿಂದಲೇ.

ನಾಲ್ಕನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಎರಡು ಬಟ್ಟೆ ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದಿರುವುದು ಕಣ್ಣಿನ ಭ್ರಮೆಯಲ್ಲ. ಅದಕ್ಕೆ ಮೆಟಾಮೆರಿಸಂ ಎಂದು ಹೆಸರು. ಒಂದೇ ನೀಲಿಯನ್ನು ಎರಡು ಗಿರಣಿಗಳು ಬೇರೆ ಬೇರೆ ಡೈಗಳನ್ನು ಬೆರೆಸಿ ತಯಾರಿಸಿರುತ್ತವೆ. ಆ ಮಿಶ್ರಣಗಳು ಬೆಳಕಿನ ಬೇರೆ ಬೇರೆ ಭಾಗಗಳನ್ನು ಹೀರುತ್ತವೆ, ಆದರೂ ಹಗಲಲ್ಲಿ ಒಟ್ಟು ಪರಿಣಾಮ ಒಂದೇ ಆಗಿರುತ್ತದೆ. ಬೆಳಕು ಬದಲಾದ ಕೂಡಲೇ ಗುಟ್ಟು ಬಯಲು. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಇದರ ಸಾಧ್ಯತೆ ಹೆಚ್ಚು. ಪಾಲಿಯೆಸ್ಟರಿಗೆ ಡಿಸ್ಪರ್ಸ್ ಡೈ, ಹತ್ತಿ ಅಥವಾ ವಿಸ್ಕೋಸಿಗೆ ರಿಯಾಕ್ಟಿವ್ ಡೈ, ಹೀಗೆ ಒಂದೇ ನೂಲಿನೊಳಗೆ ಎರಡು ಬಗೆಯ ಬಣ್ಣ. ಹಳೆಯದು ಹತ್ತಿ, ಹೊಸದು ಪಾಲಿ-ವಿಸ್ಕೋಸ್ ಆಗಿದ್ದರೆ ಮೂರೂ ಬೆಳಕಿನಲ್ಲಿ ಹೊಂದುವುದು ಅಪರೂಪ. ಆಗ ಬಟ್ಟೆಯನ್ನು ಎಲ್ಲಿ ಹೆಚ್ಚು ಹೊತ್ತು ಉಡುತ್ತಾರೋ ಆ ಬೆಳಕಿಗೆ ಆದ್ಯತೆ ಕೊಡಿ. ಸಮವಸ್ತ್ರಕ್ಕೆ ಹಗಲು, ಮದುವೆ ಆರತಕ್ಷತೆಯ ಉಡುಪಿಗೆ ರಾತ್ರಿಯ ದೀಪ.

ಕೈಕೊಡುವ ಬಣ್ಣಗಳು

ನೇವಿ ಬ್ಲೂ ಎಲ್ಲಕ್ಕಿಂತ ಕಷ್ಟ. ಕೆಲವು ನೇವಿಗಳು ಹಳದಿ ದೀಪದಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗುತ್ತವೆ, ಕೆಲವು ಅಚ್ಚ ಕಪ್ಪೇ ಆಗುತ್ತವೆ. ನೇವಿಯನ್ನು ಒಂಟಿಯಾಗಿ ನೋಡಿ ತೀರ್ಮಾನಿಸಲಾಗದು. ಪಕ್ಕದಲ್ಲಿ ನಿಜವಾದ ಕಪ್ಪು ಬಟ್ಟೆ ಇಟ್ಟು ನೋಡಿ, ಆಗ ಅದು ಹಸಿರಿಗೆ ವಾಲುತ್ತದೋ ಕೆಂಪಿಗೆ ವಾಲುತ್ತದೋ ಹೊಳೆಯುತ್ತದೆ. ಕಪ್ಪಿನಲ್ಲೂ ಇದೇ ಕತೆ. ಚಳ್ಳಕೆರೆ ಕಡೆಯ ಕುರಿಯುಣ್ಣೆಯ ಕಂಬಳಿಯನ್ನು ಬಣ್ಣ ಹಾಕಿದ ಕಪ್ಪು ಬಟ್ಟೆಯ ಪಕ್ಕ ಇಟ್ಟರೆ ಕಂಬಳಿಯ ಸಹಜ ಕಪ್ಪು ಕಂದಾಗಿ ಕಾಣುತ್ತದೆ, ಡೈ ಮಾಡಿದ್ದು ನೀಲಿಗಪ್ಪಾಗಿ. ಬಾಟಲ್ ಗ್ರೀನ್, ಆಲಿವ್, ಬೂದು, ಗಂಧದ ಬಣ್ಣಗಳೂ ದೀಪದಿಂದ ದೀಪಕ್ಕೆ ಜಾರುತ್ತವೆ. ಕುಂಕುಮದ ಕೆಂಪು, ಅರಿಸಿನ ಹಳದಿಯಂಥ ಗಟ್ಟಿ ಬಣ್ಣಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಕಪ್ಪು, ನೇವಿ, ಬಾಟಲ್ ಗ್ರೀನ್ ಮೂರೂ ಇರುವ ಬ್ಲಾಕ್ ವಾಚ್ ಮಾದರಿಯ ಚೌಕಳಿ ಸಮವಸ್ತ್ರಗಳಲ್ಲಿ ಬಹಳ ಬಳಕೆಯಲ್ಲಿದೆ. ಅದನ್ನು ಅಂಗಡಿಯೊಳಗೆ ಆರಿಸಲೇಬೇಡಿ. ಮಂದ ದೀಪದಲ್ಲಿ ಮೂರೂ ಒಂದೇ ಕತ್ತಲು.

ನೆರಿಗೆ ಹಿಡಿದು ನೋಡಿ

ಸ್ಕರ್ಟಿಗೆ ಕೊಳ್ಳುವವರು ಇದನ್ನು ಮಾಡಲೇಬೇಕು. ನೆರಿಗೆ ಹಾಕಿದಾಗ ಬಟ್ಟೆಯ ಅರ್ಧಕ್ಕಿಂತ ಹೆಚ್ಚು ಒಳಗೆ ಅಡಗುತ್ತದೆ. ಯಾವ ಗೆರೆ ಹೊರಗೆ ಬರುತ್ತದೆ ಎನ್ನುವುದು ಹೊಲಿಯುವವರ ಕೈಯಲ್ಲಿದೆ. ಸ್ಕಾಟ್ಲೆಂಡಿನಲ್ಲಿ ಗಂಡಸರು ಉಡುವ ನೆರಿಗೆಯ ಕಿಲ್ಟ್ ಹೊಲಿಯುವವರು ಎರಡು ರೀತಿ ನೆರಿಗೆ ಹಿಡಿಯುತ್ತಾರೆ: ನೆರಿಗೆಯ ಮೇಲೂ ಚೌಕಳಿ ಮುರಿಯದೆ ಮುಂದುವರಿಯುವಂತೆ ಒಂದು, ಪ್ರತಿ ನೆರಿಗೆಯ ಮೇಲೂ ಒಂದೇ ಗೆರೆ ಬರುವಂತೆ ಇನ್ನೊಂದು. ಎರಡನೆಯದರಲ್ಲಿ ಮುಂಭಾಗ ಹಸಿರಾಗಿದ್ದು ಹಿಂಭಾಗ ಪೂರ್ತಿ ಕೆಂಪಾಗಿ ಕಾಣಬಹುದು. ನಮ್ಮ ಟೈಲರುಗಳು ಬಾಕ್ಸ್ ನೆರಿಗೆಯನ್ನು ಅಳತೆಗೆ ತಕ್ಕಂತೆ ಹಿಡಿಯುತ್ತಾರೆ, ಯಾವ ಬಣ್ಣ ಮೇಲೆ ಬಂತೋ ಬಂತು. ಬಣ್ಣ ಎಷ್ಟೇ ಸರಿಯಿದ್ದರೂ ಪಕ್ಕದ ಮಗುವಿನ ಸ್ಕರ್ಟಿಗಿಂತ ಬೇರೆ ಕಾಣಲು ಇದೊಂದೇ ಸಾಕು. ಅಂಗಡಿಯಲ್ಲೇ ನಾಲ್ಕು ನೆರಿಗೆ ಹಿಡಿದು 3 ಮೀಟರ್ ದೂರದಿಂದ ನೋಡಿ, ಹಳೆಯ ಸ್ಕರ್ಟಿನ ನೆರಿಗೆಯ ಅಂಚಿನಲ್ಲಿ ಯಾವ ಗೆರೆಯಿದೆಯೋ ಅದನ್ನೇ ಹಿಡಿಯಲು ಟೈಲರಿಗೆ ಗುರುತು ಹಾಕಿಕೊಡಿ.

ಬಣ್ಣ ಬಿಡುತ್ತದೆಯೇ

ಚೌಕಳಿಯಲ್ಲಿ ಬಣ್ಣ ಬಿಟ್ಟರೆ ನಷ್ಟ ಎರಡು ಪಟ್ಟು: ಕೆಂಪೂ ಹೋಗುತ್ತದೆ, ಪಕ್ಕದ ಬಿಳಿ ಗೆರೆಯೂ ಗುಲಾಬಿಯಾಗುತ್ತದೆ. ಕರವಸ್ತ್ರವನ್ನು ಬೆರಳಿಗೆ ಸುತ್ತಿ ಕೆಂಪು, ನೇವಿ, ಕಪ್ಪು ಗೆರೆಗಳ ಮೇಲೆ ಗಟ್ಟಿಯಾಗಿ 10 ಸಲ ಉಜ್ಜಿ. ಆಮೇಲೆ ಕರವಸ್ತ್ರದ ಬೇರೆ ಮೂಲೆಯನ್ನು ಒದ್ದೆ ಮಾಡಿ ಹಿಂಡಿ ಮತ್ತೆ 10 ಸಲ. ಒಣ ಉಜ್ಜಿಗೆ ಏನೂ ಹತ್ತಬಾರದು. ಒದ್ದೆ ಉಜ್ಜಿಗೆ ಕಡುಬಣ್ಣದಿಂದ ತೀರಾ ತೆಳುವಾದ ಛಾಯೆ ಬಂದರೆ ಸಹಿಸಬಹುದು, ಸ್ಪಷ್ಟ ಕಲೆಯಾದರೆ ಬಿಳಿ ಗೆರೆಯಿರುವ ಬಟ್ಟೆಗೆ ಅದು ಬೇಡ.

ಸಂಸ್ಥೆಗೋ ಶಾಲೆಗೋ ನೂರಾರು ಮೀಟರ್ ಕೊಳ್ಳುವವರು ಗಿರಣಿಯಿಂದ ಪರೀಕ್ಷೆಯ ವರದಿ ಕೇಳಬೇಕು. ಒಗೆತ, ಉಜ್ಜುವಿಕೆಗಳ ಅಂಕ 1ರಿಂದ 5ರವರೆಗೆ, 5 ಎಂದರೆ ಬಣ್ಣ ಅಲುಗಿಲ್ಲ. ಬೆಳಕಿಗೆ ಮಾಸುವ ಅಂಕ ಬೇರೆ, ನೀಲಿ ಬಣ್ಣ ಹಾಕಿದ ಉಣ್ಣೆಯ ತುಂಡುಗಳಿಗೆ ಹೋಲಿಸುವ ಮಾಪಕದಲ್ಲಿ 1ರಿಂದ 8. ಒಗೆತಕ್ಕೆ 4, ಬೆಳಕಿಗೆ 5ಕ್ಕಿಂತ ಕೆಳಗಿದ್ದರೆ ನಮ್ಮ ಬಯಲುಸೀಮೆಯ ಬಿಸಿಲಿಗೆ ಆ ಬಟ್ಟೆ ಕೊಳ್ಳಬೇಡಿ.

ಸಮಯವಿದ್ದರೆ ಕಾಲು ಮೀಟರ್ ಕೊಂಡು ಮನೆಯಲ್ಲಿ ನೋಡುವುದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಒಂದು ತುಂಡನ್ನು ಬಿಳಿ ಬಟ್ಟೆಯ ಜೊತೆ ಸೇರಿಸಿ ಹೊಲಿದು, ನೀವು ದಿನಾ ಬಳಸುವ ಸೋಪಿನಲ್ಲೇ ಮೂರು ಸಲ ಒಗೆಯಿರಿ. ಪೂರ್ತಿ ಒಣಗುವವರೆಗೆ ಹೋಲಿಸಬೇಡಿ, ಒದ್ದೆ ಬಟ್ಟೆ ಯಾವಾಗಲೂ ಕಡುವಾಗಿರುತ್ತದೆ. ಮೊದಲ ಒಗೆತಕ್ಕೆ ಗಂಜಿಯೂ ಫಿನಿಶಿಂಗಿನ ಹೊಳಪೂ ಹೋಗಿ ಕಪ್ಪು, ನೇವಿಗಳು ತುಸು ಬೂದಾಗುವುದು ಸಹಜ. ಎರಡು-ಮೂರನೆಯ ಒಗೆತದಲ್ಲೂ ಇಳಿಯುತ್ತಲೇ ಹೋದರೆ ಬಣ್ಣ ಕೂತಿಲ್ಲ. ಇನ್ನೊಂದು ತುಂಡಿನ ಅರ್ಧಕ್ಕೆ ರಟ್ಟು ಕಟ್ಟಿ ವಾರವಿಡೀ ಬಿಸಿಲಿಗೆ ಬಿಡಿ. ರಟ್ಟು ಬಿಚ್ಚಿದಾಗ ಗೆರೆ ಎದ್ದು ಕಂಡರೆ ಬೇಸಿಗೆ ಮುಗಿಯುವ ಹೊತ್ತಿಗೆ ಸ್ಕರ್ಟು ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ಅಂಗಡಿಯಲ್ಲಿ ಹೇಳಿದರೆ ನೆಚ್ಚಿಕೊಳ್ಳಬೇಡಿ. ಬಣ್ಣ ಹಾಕುವಾಗ ರಿಯಾಕ್ಟಿವ್ ಡೈಯನ್ನು ನೂಲಿನತ್ತ ತಳ್ಳಲು ಉಪ್ಪು ಬೇಕು, ಅದು ನೂಲಿಗೆ ಕಚ್ಚಿಕೊಳ್ಳಲು ಸೋಡಾದಂಥ ಕ್ಷಾರ ಬೇಕು. ಆ ಹಂತದಲ್ಲಿ ಕಚ್ಚದೆ ಉಳಿದು, ಸರಿಯಾಗಿ ತೊಳೆದು ತೆಗೆಯದ ಬಣ್ಣವೇ ಮನೆಯಲ್ಲಿ ಬಿಡುವುದು. ಮನೆಯ ಉಪ್ಪು ಅದನ್ನು ಕಟ್ಟಿಹಾಕಲಾರದು.

ಫೋನಿನಲ್ಲಿ ನೋಡಿ ಕೊಳ್ಳುವುದಾದರೆ

ಫೋಟೋ ನೋಡಿ ಚೌಕಳಿಯ ವಿನ್ಯಾಸ ತಿಳಿಯಬಹುದು, ಬಣ್ಣ ತಿಳಿಯಲಾಗದು. ಕ್ಯಾಮೆರಾ ಬಿಳಿಯನ್ನು ತಾನೇ ಊಹಿಸಿ ಸರಿಪಡಿಸುತ್ತದೆ. ಚೌಕಳಿಯ ಬಹುಪಾಲು ಕೆಂಪಿದ್ದರೆ ಆ ಊಹೆ ತಪ್ಪಿ ಬೂದು ಗೆರೆ ಹಸಿರಾಗುತ್ತದೆ. ಗಟ್ಟಿ ಕೆಂಪಿನಲ್ಲಿ ನೇಯ್ಗೆಯ ವಿವರವೇ ಅಳಿಸಿ ಬಣ್ಣ ಬಳಿದಂತಾಗುತ್ತದೆ. ಸಣ್ಣ ಚೌಕಳಿಯಲ್ಲಿ ಇಲ್ಲದ ಅಲೆಗಳು ತೇಲುತ್ತವೆ. ಫೋಟೋ ತರಿಸುವುದೇ ಆದರೆ ಹಗಲಿನ ನೆರಳಿನಲ್ಲಿ, ಪಕ್ಕದಲ್ಲಿ ಬಿಳಿ ಹಾಳೆಯಿಟ್ಟು ತೆಗೆಯಲು ಹೇಳಿ. ನಿಮ್ಮ ಫೋನಿನಲ್ಲಿ ಕಣ್ಣಿಗೆ ಆರಾಮ ಕೊಡುವ ಹಳದಿ ಪರದೆಯ ಸೌಲಭ್ಯವನ್ನು ಆಫ್ ಮಾಡಿ ನೋಡಿ. ಆಮೇಲೂ ತುಂಡು ತರಿಸದೆ ಹಣ ಕಳಿಸಬೇಡಿ.

ಸ್ಕಾಟ್ಲೆಂಡಿನ ಟಾರ್ಟನ್ ತರಿಸುವವರು ಹೆಸರೊಂದನ್ನೇ ನೆಚ್ಚಿದರೆ ಮೋಸಹೋಗುತ್ತಾರೆ. 2009ರಿಂದ ಅಲ್ಲಿ ಟಾರ್ಟನ್ನುಗಳ ಅಧಿಕೃತ ದಾಖಲೆ ಪುಸ್ತಕವಿದೆ. ಅದರಲ್ಲಿರುವುದು ಮುಖ್ಯವಾಗಿ ನೂಲೆಣಿಕೆ, ಬಣ್ಣಗಳ ಸಾಲು. ಹಸಿರೆಂದರೆ ಯಾವ ಹಸಿರು ಎನ್ನುವುದು ಬಹುಪಾಲು ನೇಯುವ ಗಿರಣಿಗೆ ಬಿಟ್ಟದ್ದು. ಅದಕ್ಕೇ ಒಂದೇ ಹೆಸರಿನ ಬಟ್ಟೆ ‘ಮಾಡರ್ನ್’ ಎಂದರೆ ಕಡುಬಣ್ಣ, ‘ಏನ್ಷಿಯಂಟ್’ ಎಂದರೆ ತಿಳಿಯಾದ, ಹಳೆಯ ಗಿಡಮೂಲಿಕೆ ಬಣ್ಣಗಳನ್ನು ಹೋಲುವ ಛಾಯೆ, ‘ವೆದರ್ಡ್’ ಎಂದರೆ ಮಣ್ಣಲ್ಲಿ ಹೂತಿಟ್ಟು ತೆಗೆದಂತೆ ಕಂದು-ಬೂದಿಗೆ ತಿರುಗಿದ್ದು, ಹೀಗೆ ಹಲವು ರೂಪದಲ್ಲಿ ಬರುತ್ತದೆ. ‘ಏನ್ಷಿಯಂಟ್’ ಎಂದರೆ ಹಳೆಯ ಬಟ್ಟೆಯಲ್ಲ, ಈಗಿನ ಡೈಯಿಂದಲೇ ಮಾಡಿದ್ದು. ಹೆಸರು, ಬಣ್ಣದ ವರ್ಗ, ಗಿರಣಿ, ಬಟ್ಟೆಯ ತೂಕ, ಈ ನಾಲ್ಕನ್ನೂ ಬರೆದು ಕೇಳಿ. ಹಿಂದೆ ಕೊಂಡ ಗಿರಣಿಯದೇ ಬಟ್ಟೆ ಸಿಕ್ಕರೆ ಅರ್ಧ ಚಿಂತೆ ಕಳೆಯಿತು.

ಅಳೆಸುವಾಗ

ಬೇಕಾದಷ್ಟನ್ನೂ ಒಂದೇ ಥಾನಿನಿಂದ ಅಳೆಸಿ. ಎರಡು ಥಾನು ಬೇಕಾದರೆ ಎರಡರ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಲಾಟ್ ಬೇರೆಯೆಂದರೆ ಡೈಯ ಹಂಡೆ ಬೇರೆ. ಅನಿವಾರ್ಯವಾದರೆ ಒಂದು ಉಡುಪಿಗೆ ಪೂರ್ತಿ ಒಂದು ಲಾಟಿನ ಬಟ್ಟೆ ಬಳಸಿ, ಒಂದೇ ಸ್ಕರ್ಟಿನಲ್ಲಿ ಎರಡನ್ನು ಸೇರಿಸಬೇಡಿ. ಒಂದೇ ಥಾನಿನೊಳಗೂ ಎರಡು ದಡಿಗಳ ನಡುವೆ ಛಾಯೆ ಬದಲಾಗುವುದುಂಟು. ಅಡ್ಡಕ್ಕೆ ಮಡಚಿ ಒಂದು ದಡಿಯನ್ನು ಇನ್ನೊಂದರ ಪಕ್ಕ, ಮತ್ತೆ ನಡುಭಾಗದ ಪಕ್ಕ ಇಟ್ಟು ನೋಡಿ. ಮುಂದಿನ ರಿಪೇರಿಗೆಂದು ಅರ್ಧ ಮೀಟರ್ ಹೆಚ್ಚಿಗೆ ತೆಗೆದುಕೊಳ್ಳಿ.

ಹೊಲಿಯಲು ಕೊಡುವ ಮುನ್ನ ಒಂದು ಪೂರ್ತಿ ಸುತ್ತಿನ ತುಂಡು ಕತ್ತರಿಸಿ, ಕೊಂಡ ದಿನಾಂಕ, ಲಾಟ್ ನಂಬರ್, ನೂಲಿನ ಬಗೆ ಬರೆದ ಚೀಟಿಯೊಂದಿಗೆ ಕಂದು ಲಕೋಟೆಯಲ್ಲಿ ಹಾಕಿ ಬೀರುವಿನೊಳಗೆ ಇಡಿ. ಮುಂದಿನ ಮೇ ತಿಂಗಳಲ್ಲಿ ಅಂಗಡಿಗೆ ಒಯ್ಯಬೇಕಾದ್ದು ಆ ತುಂಡು.